ಎರೆಮಣ್ಣಿನ ನೆಲದಲ್ಲಿ ವಾಣಿಜ್ಯ ಮಳಿಗೆಗಳ ವಾಹನ ನಿಲುಗಡೆ ಅಂಗಳ: ನಿರ್ವಹಣೆಯ ಕ್ರಮ

ಸ್ವಂತ ಸಂಪನ್ಮೂಲವನ್ನು ಹೆಚ್ಚಿಸಿಕೊಳ್ಳುವ ಉದ್ದೇಶದಿಂದ ಕಲಬುರಗಿ ಜಿಲ್ಲೆಯ ಹಲವು ಗ್ರಾಮ ಪಂಚಾಯಿತಿಗಳು ಬಸ್ ನಿಲ್ದಾಣದ ಬಳಿ, ಸಂತೆ ಮೈದಾನದ ಪಕ್ಕದಲ್ಲಿ, ಮುಖ್ಯರಸ್ತೆಯ ಅಂಚಿನಲ್ಲಿ ವಾಣಿಜ್ಯ ಮಳಿಗೆಗಳನ್ನು ಕಟ್ಟಿ ಬಾಡಿಗೆಗೆ ನೀಡಿವೆ. ಮಳಿಗೆಯ ಛಾವಣಿ ಸೋರಿದರೆ ಬಾಡಿಗೆದಾರರು ಮರುದಿನವೇ ಅರ್ಜಿ ಸಲ್ಲಿಸುತ್ತಾರೆ. ಪಂಚಾಯಿತಿಯೂ ಗಮನ ಹರಿಸುತ್ತದೆ. ಆದರೆ ಮಳಿಗೆಗಳ ಮುಂದಿನ ವಾಹನ ನಿಲುಗಡೆ ಅಂಗಳ ಯಾರ ಕಡತದಲ್ಲಿಯೂ ಇರುವುದಿಲ್ಲ. ಕಾಮಗಾರಿ ಪೂರ್ಣಗೊಂಡು ಮಾಪನ ಪುಸ್ತಕದಲ್ಲಿ ಅಳತೆ ದಾಖಲಾದ ಮೇಲೆ ಆ ನೆಲವನ್ನು ಮತ್ತೆ ನೋಡುವುದು ಅದು ಕುಸಿದಾಗಲೇ. ಅಷ್ಟರಲ್ಲಿ ಗಿರಾಕಿಗಳು ಕೆಸರು ದಾಟುವ ಬದಲು ಎದುರಿನ ಖಾಸಗಿ ಅಂಗಡಿಗೆ ಹೋಗುವುದನ್ನು ರೂಢಿಸಿಕೊಂಡಿರುತ್ತಾರೆ. ಹರಾಜಿನಲ್ಲಿ ಮಳಿಗೆ ಹಿಡಿಯುವವರು ಕಡಿಮೆಯಾಗುತ್ತಾರೆ. ಹಿಡಿದವರು ಬಾಡಿಗೆ ಬಾಕಿ ಉಳಿಸಿಕೊಳ್ಳಲು ಅಂಗಳದ ಸ್ಥಿತಿಯನ್ನೇ ಕಾರಣವಾಗಿ ತೋರಿಸುತ್ತಾರೆ, ಮತ್ತು ಆ ಮಾತನ್ನು ತಳ್ಳಿಹಾಕುವುದು ಕಷ್ಟ. ತ್ರಿಚಕ್ರ ವಾಹನದಲ್ಲಿ ಬರುವ ಅಂಗವಿಕಲರಿಗೆ ಒಂದು ಅಡಿ ಅಗಲದ ಹಳ್ಳವೇ ಮಳಿಗೆಯ ಬಾಗಿಲನ್ನು ಮುಚ್ಚಿಬಿಡುತ್ತದೆ.

ಈ ಅಂಗಳಗಳು ಏಕೆ ಕೆಡುತ್ತವೆ, ನಮ್ಮ ಹವಾಮಾನದಲ್ಲಿ ಅವುಗಳನ್ನು ಯಾವ ತಿಂಗಳಲ್ಲಿ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಪಂಚಾಯಿತಿ ಮಟ್ಟದಲ್ಲಿ ಲಭ್ಯವಿರುವ ಸಲಕರಣೆ ಮತ್ತು ಕಾರ್ಮಿಕರನ್ನು ಗಮನದಲ್ಲಿಟ್ಟು ಇಲ್ಲಿ ವಿವರಿಸಲಾಗಿದೆ.

ನೆಲದ ಸ್ವಭಾವ

ಭಾರವಾದ ವಾಹನಗಳಿಂದಲೇ ಅಂಗಳ ಹಾಳಾಗುತ್ತದೆ ಎಂಬುದು ಸಾಮಾನ್ಯ ಅಭಿಪ್ರಾಯ. ಮಳಿಗೆಗಳ ಮುಂದೆ ನಿಲ್ಲುವ ದ್ವಿಚಕ್ರ ವಾಹನ, ಟಂಟಂ, ಪಿಕಪ್ ವಾಹನಗಳ ಭಾರ ಹೆದ್ದಾರಿಯ ಭಾರಕ್ಕೆ ಹೋಲಿಸಿದರೆ ಅಲ್ಪ. ನಮ್ಮ ಅಂಗಳಗಳನ್ನು ಕೆಡಿಸುವುದು ಮುಖ್ಯವಾಗಿ ಕೆಳಗಿನ ಮಣ್ಣು ಮತ್ತು ಆ ಮಣ್ಣಿನೊಳಗೆ ಇಳಿಯುವ ನೀರು.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪ್ರಮಾಣ ಹೆಚ್ಚು. ಅದರ ಕಣಗಳು ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತಿದ್ದು, ನೀರು ಸಿಕ್ಕಾಗ ಹಾಳೆಗಳ ನಡುವೆ ಅದನ್ನು ಎಳೆದುಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಹೊಲಗಳಲ್ಲಿ ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳು ಬೀಳುವುದನ್ನು ಎಲ್ಲರೂ ಕಂಡಿದ್ದೇವೆ. ಅವುಗಳ ಆಳ ಒಂದು ಮೀಟರನ್ನೂ ಮೀರಬಹುದು. ಹೊಲಕ್ಕೆ ಇದು ಒಳ್ಳೆಯದೇ. ಎರೆಭೂಮಿ ತನ್ನನ್ನು ತಾನೇ ಉಳುಮೆ ಮಾಡಿಕೊಳ್ಳುತ್ತದೆ ಎಂದು ರೈತರು ಹೇಳುವುದರಲ್ಲಿ ಸತ್ಯವಿದೆ. ಅದೇ ಮಣ್ಣಿನ ಮೇಲೆ ಕಾಂಕ್ರೀಟ್ ಹಾಸಿದಾಗ ಮಾತ್ರ ಅದರ ಉಸಿರಾಟ ನಮಗೆ ತೊಂದರೆಯಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಾಸಿನ ಮಧ್ಯಭಾಗದ ಕೆಳಗಿರುವ ಮಣ್ಣಿಗೆ ಬಿಸಿಲೂ ತಾಗುವುದಿಲ್ಲ, ಮಳೆಯೂ ನೇರವಾಗಿ ತಾಗುವುದಿಲ್ಲ. ಆದ್ದರಿಂದ ಅಲ್ಲಿನ ತೇವಾಂಶ ಒಂದೆರಡು ವರ್ಷಗಳಲ್ಲಿ ಸ್ಥಿರವಾಗುತ್ತದೆ. ಅಂಚಿನ ಕೆಳಗಿನ ಮಣ್ಣು ಮಾತ್ರ ಪ್ರತಿ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಪ್ರತಿ ಮಳೆಗಾಲದಲ್ಲಿ ನೆನೆದು ಉಬ್ಬುತ್ತದೆ. ಮಧ್ಯಭಾಗ ನಿಂತಲ್ಲೇ ನಿಂತು ಅಂಚು ಮೇಲೆ ಕೆಳಗೆ ಆಡಿದರೆ ಹಾಸು ಅಂಚಿಗೆ ಸಮಾನಾಂತರವಾಗಿ ಉದ್ದಕ್ಕೆ ಬಿರಿಯುತ್ತದೆ. ನಿಮ್ಮ ಅಂಗಳದಲ್ಲಿ ಅಂಚಿನಿಂದ ಎರಡು ಮೂರು ಅಡಿ ಒಳಗೆ ಉದ್ದನೆಯ ಬಿರುಕೊಂದು ಕಂಡರೆ ಅದಕ್ಕೆ ಸಿಮೆಂಟು ಕಡಿಮೆಯಾದದ್ದೇ ಕಾರಣವೆಂದು ತೀರ್ಮಾನಿಸುವ ಮುನ್ನ ಅಂಚಿನ ಮಣ್ಣನ್ನು ನೋಡಬೇಕು.

ಎರಡನೆಯ ಸಮಸ್ಯೆ ಬಲದ್ದು. ನೆಲವು ಹೊರೆ ತಾಳುವ ಶಕ್ತಿಯನ್ನು ಸಿಬಿಆರ್ ಎಂಬ ಅಳತೆಯಿಂದ ಸೂಚಿಸುತ್ತಾರೆ. ನೀರಿನಲ್ಲಿ ನೆನೆದ ಎರೆಮಣ್ಣಿನ ಸಿಬಿಆರ್ ಸಾಮಾನ್ಯವಾಗಿ 2ರಿಂದ 4ರ ಆಸುಪಾಸಿನಲ್ಲಿರುತ್ತದೆ. ಚೆನ್ನಾಗಿ ದಮ್ಮಸ್ಸು ಮಾಡಿದ ಉತ್ತಮ ಮೊರಂ 10ನ್ನು ಮೀರುತ್ತದೆ. ಬೇಸಿಗೆಯಲ್ಲಿ ಗುದ್ದಲಿಗೂ ಜಗ್ಗದ ಎರೆಮಣ್ಣು ಉತ್ತರೆ ಮಳೆಯ ಹೊತ್ತಿಗೆ ಹಿಟ್ಟಿನ ಮುದ್ದೆಯಂತಾಗುವುದು ಇದರಿಂದಲೇ. ಬೇಸಿಗೆಯಲ್ಲಿ ಸ್ಥಳ ಪರಿಶೀಲಿಸಿ ನೆಲ ಗಟ್ಟಿಯಿದೆಯೆಂದು ಬರೆದ ವರದಿಗೆ ಈ ಜಿಲ್ಲೆಯಲ್ಲಿ ಹೆಚ್ಚಿನ ಬೆಲೆಯಿಲ್ಲ.

ನೀರಿನ ಲೆಕ್ಕ

40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ 800 ಚದರ ಮೀಟರ್. ಒಂದು ಜೋರು ಮಳೆಯಲ್ಲಿ 50 ಮಿಲಿಮೀಟರ್ ಬಿದ್ದರೆ ಅಂಗಳದ ಮೇಲೆ 40,000 ಲೀಟರ್ ನೀರು ಸುರಿದಂತೆ. ಅಂದರೆ 5,000 ಲೀಟರಿನ ಎಂಟು ಟ್ಯಾಂಕರುಗಳು. ಮಳಿಗೆಗಳ ಛಾವಣಿಯ ನೀರು ಇದಕ್ಕೆ ಹೆಚ್ಚುವರಿ. ಇಷ್ಟು ನೀರು ಕೆಲವೇ ನಿಮಿಷಗಳಲ್ಲಿ ಚರಂಡಿ ಸೇರದಿದ್ದರೆ ಅದು ಸಂದುಗಳ ಮೂಲಕ ಕೆಳಗಿಳಿಯುತ್ತದೆ.

ನೀರು ಹರಿಯಲು ಅಂಗಳಕ್ಕೆ 50ಕ್ಕೆ 1ರ ಇಳಿಜಾರು ಬೇಕು. 20 ಮೀಟರ್ ಅಗಲಕ್ಕೆ ಇದು 40 ಸೆಂಟಿಮೀಟರ್ ಇಳಿತ. ಮಳಿಗೆಯ ಮೆಟ್ಟಿಲ ಬುಡದಲ್ಲಿ ನಿಂತು ನೋಡಿದರೆ ಚರಂಡಿಯ ಅಂಚು ಮೊಣಕಾಲಿನಷ್ಟು ಕೆಳಗಿರಬೇಕೆಂದು ಅಂದಾಜು ಇಟ್ಟುಕೊಳ್ಳಬಹುದು. ಕಣ್ಣಳತೆಯನ್ನು ನಂಬದೆ, ಗೌಂಡಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪಿನಿಂದ ಅಳೆಯಿಸಬೇಕು. ಅರ್ಧ ಗಂಟೆಯ ಕೆಲಸ, ಖರ್ಚಿಲ್ಲ. ಇನ್ನೂ ಸರಳವಾದ ಪರೀಕ್ಷೆಯೆಂದರೆ ಮಳೆ ನಿಂತ ಒಂದು ಗಂಟೆಯ ನಂತರ ಅಂಗಳಕ್ಕೆ ಹೋಗಿ ನೀರು ನಿಂತ ಜಾಗಗಳ ಸುತ್ತ ಸುಣ್ಣದಿಂದ ಗೆರೆ ಹಾಕುವುದು. ಮೊದಲ ಎರಡು ಮೂರು ಮಳೆಗಳಲ್ಲಿ ಹೀಗೆ ಮಾಡಿದರೆ ಇಡೀ ವರ್ಷದ ದುರಸ್ತಿ ಕೆಲಸದ ನಕ್ಷೆ ನೆಲದ ಮೇಲೆಯೇ ಸಿದ್ಧವಾಗುತ್ತದೆ. ಗೆರೆಗಳ ಛಾಯಾಚಿತ್ರವನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಸುಣ್ಣ ಮುಂದಿನ ಮಳೆಗೆ ಉಳಿಯುವುದಿಲ್ಲ.

ಮಳೆಯ ನೀರಿಗಿಂತಲೂ ಕೆಟ್ಟದ್ದು ದಿನವೂ ಒಂದೇ ಜಾಗದಲ್ಲಿ ಇಳಿಯುವ ನೀರು. ಅಂಗಳದ ಮೂಲೆಯ ಕಿರು ನೀರು ಸರಬರಾಜು ತೊಟ್ಟಿಯ ಸೋರುವ ನಲ್ಲಿ, ಖಾನಾವಳಿಯ ಪಾತ್ರೆ ತೊಳೆದ ನೀರು, ಛಾವಣಿಯಿಂದ ನೇರವಾಗಿ ಅಂಚಿಗೆ ಬೀಳುವ ಮಳೆನೀರಿನ ಕೊಳವೆ ಇವು ವರ್ಷವಿಡೀ ಮಣ್ಣಿನ ಒಂದು ಭಾಗವನ್ನು ಮಾತ್ರ ನೆನೆಸುತ್ತವೆ. ಆ ಭಾಗ ಉಬ್ಬಿ, ಪಕ್ಕದ ಒಣಗಿದ ಭಾಗ ಕುಗ್ಗಿ, ನಡುವೆ ಹಾಸು ಒಡೆಯುತ್ತದೆ. ನಮ್ಮ ಪಂಚಾಯಿತಿಯ ಮಳಿಗೆಗಳ ಮುಂದೆ ಸತತವಾಗಿ ಎರಡು ವರ್ಷ ಒಂದೇ ಸ್ಥಳದಲ್ಲಿ ಹಾಸು ಎದ್ದಿತ್ತು. ಹಾಸನ್ನು ತೆಗೆಸಿ ಮತ್ತೆ ಹಾಕಿಸಿದರೂ ಪ್ರಯೋಜನವಾಗಿರಲಿಲ್ಲ. ಕೊನೆಗೆ ಛಾವಣಿಯ ಕೊಳವೆಯನ್ನು ಚರಂಡಿಯವರೆಗೆ ವಿಸ್ತರಿಸಿ, ತೊಟ್ಟಿಯ ನಲ್ಲಿಯ ಸುತ್ತ ಕಟ್ಟೆ ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸಿದ ಮೇಲೆ ಅದು ನಿಂತಿತು. ಹಾಸಿಗೆ ಮಾಡಿದ ವೆಚ್ಚಕ್ಕೆ ಹೋಲಿಸಿದರೆ ಕೊಳವೆಯ ವೆಚ್ಚ ಹೇಳಿಕೊಳ್ಳುವಷ್ಟಿರಲಿಲ್ಲ.

ಚರಂಡಿಯನ್ನು ಅಂಚಿಗೆ ಅಂಟಿಕೊಂಡಂತೆ ಕಚ್ಚಾ ಗುಂಡಿಯಾಗಿ ತೋಡುವ ಪದ್ಧತಿಯನ್ನು ಬಿಡಬೇಕು. ಅದರಲ್ಲಿ ನಿಂತ ನೀರು ಸರಿಯಾಗಿ ಅಂಚಿನ ಕೆಳಗೇ ಸೇರುತ್ತದೆ. ಚರಂಡಿಗೆ ಕಾಂಕ್ರೀಟ್ ಅಥವಾ ಕಲ್ಲಿನ ಒಳಹಾಸು ಇರಬೇಕು, ಇಲ್ಲವೇ ಅದು ಅಂಚಿನಿಂದ ದೂರವಿರಬೇಕು. ಅಂಚಿಗೂ ಬರಿನೆಲಕ್ಕೂ ನಡುವೆ ಕನಿಷ್ಠ ಒಂದು ಮೀಟರ್ ಅಗಲಕ್ಕೆ ಮೊರಂ ಹಾಕಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರಾಗಿ ದಮ್ಮಸ್ಸು ಮಾಡಿದರೆ ಬಿಸಿಲಿನ ಒಣಗುವಿಕೆಯೂ ಮಳೆಯ ನೆನೆಯುವಿಕೆಯೂ ಹಾಸಿನಿಂದ ಅಷ್ಟು ದೂರ ಸರಿಯುತ್ತವೆ. ಅಂಚನ್ನು ಕಾಯುವ ಉಪಾಯಗಳಲ್ಲಿ ಇದು ಅತಿ ಅಗ್ಗವಾದದ್ದು.

ಮೇಲ್ಮೈಯ ವಿಧಗಳು

ಡಾಂಬರು: ರಸ್ತೆಗೆ ಒಪ್ಪುವ ಡಾಂಬರು ನಿಲುಗಡೆ ಅಂಗಳಕ್ಕೆ ನಮ್ಮ ಹವೆಯಲ್ಲಿ ಒಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಬಳಸುವ ವಿಜಿ-30 ದರ್ಜೆಯ ಡಾಂಬರು ಮೆತ್ತಗಾಗುವ ಉಷ್ಣತೆ ಕನಿಷ್ಠ 47 ಡಿಗ್ರಿ ಇರಬೇಕೆಂದು ಭಾರತೀಯ ಮಾನಕ ಐಎಸ್ 73 ಹೇಳುತ್ತದೆ. ಗಾಳಿಯ ಉಷ್ಣತೆ 42 ಡಿಗ್ರಿ ಇರುವ ಮಧ್ಯಾಹ್ನ ಕಪ್ಪು ಮೇಲ್ಮೈ 60 ಡಿಗ್ರಿಯನ್ನು ದಾಟಬಲ್ಲದು. ಚಲಿಸುವ ವಾಹನ ಒಂದು ಬಿಂದುವಿನ ಮೇಲೆ ಕ್ಷಣಮಾತ್ರ ಭಾರ ಹಾಕುತ್ತದೆ; ನಿಂತ ವಾಹನ ಗಂಟೆಗಟ್ಟಲೆ ಒತ್ತುತ್ತದೆ. ಮೋಟಾರ್ ಸೈಕಲಿನ ಸೈಡ್ ಸ್ಟ್ಯಾಂಡ್ ಡಾಂಬರಿನಲ್ಲಿ ಹೂತು ವಾಹನ ಉರುಳುವುದು ಇದೇ ಕಾರಣಕ್ಕೆ. ಜೊತೆಗೆ ಟ್ರ್ಯಾಕ್ಟರುಗಳಿಂದ ತೊಟ್ಟಿಕ್ಕುವ ಡೀಸೆಲ್ ಮತ್ತು ಎಂಜಿನ್ ಎಣ್ಣೆ ಡಾಂಬರನ್ನು ಕರಗಿಸಿ ಖಡಿಯನ್ನು ಬಿಡಿಸುತ್ತವೆ. ಈಗಾಗಲೇ ಡಾಂಬರು ಹಾಕಿರುವಲ್ಲಿ ಎಣ್ಣೆ ಬಿದ್ದ ಜಾಗಕ್ಕೆ ಕೂಡಲೇ ಮರದ ಹೊಟ್ಟು ಅಥವಾ ಒಣ ಮಣ್ಣು ಹಾಕಿ ಹೀರಿಸಿ ತೆಗೆಯಬೇಕು. ಮೆತ್ತಗಾದ ಭಾಗವನ್ನು ಚೌಕವಾಗಿ ಕತ್ತರಿಸಿ ತೆಗೆದೇ ತೇಪೆ ಹಾಕಬೇಕು. ಮೆತ್ತಗಾದುದರ ಮೇಲೆ ಹೊಸ ಡಾಂಬರು ನಿಲ್ಲುವುದಿಲ್ಲ.

ಕಾಂಕ್ರೀಟ್: ಇದು ಶಾಖಕ್ಕೂ ಎಣ್ಣೆಗೂ ಜಗ್ಗುವುದಿಲ್ಲ. ಆದರೆ ಬಿಸಿಯಾದಾಗ ಹಿಗ್ಗಿ ತಣ್ಣಗಾದಾಗ ಕುಗ್ಗುತ್ತದೆ. 4.5 ಮೀಟರಿನ ಒಂದು ಫಲಕ 30 ಡಿಗ್ರಿಯ ಏರಿಳಿತಕ್ಕೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಬದಲಾಗುತ್ತದೆ. ಇದು ಅಲ್ಪವೆನಿಸಿದರೂ ಸಂದು ಕತ್ತರಿಸದೆ 40 ಮೀಟರ್ ಒಂದೇ ಸಮನೆ ಹಾಕಿದ ಕಾಂಕ್ರೀಟ್ ತನಗೆ ಬೇಕಾದಲ್ಲಿ ತಾನೇ ಸಂದು ಮಾಡಿಕೊಳ್ಳುತ್ತದೆ, ಅದೂ ಅಂಕುಡೊಂಕಾಗಿ. ಕತ್ತರಿಸಿದ ಸಂದುಗಳಲ್ಲಿ ತುಂಬಿದ ಡಾಂಬರು ಮಿಶ್ರಣ ಕೆಲವು ವರ್ಷಗಳಲ್ಲಿ ಒಣಗಿ ಬಿಡಿಸಿಕೊಳ್ಳುತ್ತದೆ. ಅದನ್ನು ಮತ್ತೆ ತುಂಬಿಸಲು ಫೆಬ್ರುವರಿ ತಿಂಗಳು ಸೂಕ್ತ. ಆಗ ಹವೆ ಒಣಗಿರುತ್ತದೆ, ತಂಪಿನಿಂದಾಗಿ ಸಂದು ತೆರೆದಿರುತ್ತದೆ, ತೊಗರಿ ಹಂಗಾಮಿನ ವಾಹನ ಸಂದಣಿಯೂ ಇಳಿದಿರುತ್ತದೆ. ಮೇ ತಿಂಗಳಲ್ಲಿ ಹಿಗ್ಗಿದ ಸ್ಥಿತಿಯಲ್ಲಿ ತುಂಬಿದರೆ ಚಳಿಗಾಲದಲ್ಲಿ ಸಂದು ಮತ್ತೆ ಬಾಯಿ ತೆರೆಯುತ್ತದೆ. ಸಂದಿನಲ್ಲಿ ಸೇರಿದ ಮಣ್ಣು, ಹರಳುಗಳನ್ನು ತಂತಿ ಬ್ರಷ್‌ನಿಂದ ತೆಗೆಯದೆ ತುಂಬಿಸುವುದು ವ್ಯರ್ಥ. ಹರಳು ಉಳಿದರೆ ಬೇಸಿಗೆಯಲ್ಲಿ ಫಲಕ ಹಿಗ್ಗುವಾಗ ಅಂಚು ಸಿಡಿಯುತ್ತದೆ.

ಬೇಸಿಗೆಯಲ್ಲಿ ಕಾಂಕ್ರೀಟ್ ತೇಪೆ ಹಾಕಲೇಬೇಕಾಗಿ ಬಂದರೆ ಸಂಜೆಯ ಹೊತ್ತು ಹಾಕಿಸಬೇಕು. ಒಣ, ಬಿಸಿ ಹವೆಯಲ್ಲಿ ಕನಿಷ್ಠ 10 ದಿನ, ಮಿಶ್ರ ಸಿಮೆಂಟ್ ಬಳಸಿದ್ದರೆ 14 ದಿನ ನೀರುಣಿಸಬೇಕೆಂಬುದು ಐಎಸ್ 456ರ ಸೂಚನೆ. ಈಗ ಅಂಗಡಿಗಳಲ್ಲಿ ಸಿಗುವ ಪಿಪಿಸಿ ಸಿಮೆಂಟ್ ಮಿಶ್ರ ಸಿಮೆಂಟೇ ಆದ್ದರಿಂದ 14 ದಿನವೆಂದೇ ಹಿಡಿಯುವುದು ಸುರಕ್ಷಿತ. ಗೋಣಿಚೀಲ ಹಾಸಿ ನೆನೆಸಿಡುವ ಕೆಲಸಕ್ಕೆ ಒಬ್ಬರನ್ನು ಹೆಸರಿಸಿ ನೇಮಿಸದಿದ್ದರೆ ಮೂರನೆಯ ದಿನಕ್ಕೆ ಗೋಣಿಚೀಲ ಒಣಗಿರುತ್ತದೆ.

ಪೇವರ್ ಬ್ಲಾಕ್: ಎರೆಮಣ್ಣಿಗೆ ಹೆಚ್ಚು ಹೊಂದುವುದು ಇದೇ. ನೆಲ ಅಲ್ಪ ಆಡಿದರೆ ಬ್ಲಾಕುಗಳೂ ಒಡೆಯದೆ ಜೊತೆಗೇ ಆಡುತ್ತವೆ. ಕುಸಿದ ಭಾಗವನ್ನು ಬಿಚ್ಚಿ ಅದೇ ಬ್ಲಾಕುಗಳನ್ನು ಮತ್ತೆ ಜೋಡಿಸಬಹುದು. ಐಎಸ್ 15658ರ ಪ್ರಕಾರ ಹಗುರ ಸಂಚಾರಕ್ಕೆ 60 ಮಿಲಿಮೀಟರ್ ದಪ್ಪದ ಎಂ-35, ಮಧ್ಯಮ ಸಂಚಾರಕ್ಕೆ 80 ಮಿಲಿಮೀಟರ್ ದಪ್ಪದ ಎಂ-40 ದರ್ಜೆಯ ಬ್ಲಾಕುಗಳು ಬೇಕು. ಗೊಬ್ಬರದ ಅಂಗಡಿ, ದಾಲ್ ಮಿಲ್ ಮಾಲು ಇಳಿಸುವ ಮಳಿಗೆಗಳ ಮುಂದೆ ತುಂಬಿದ ಟ್ರ್ಯಾಕ್ಟರ್ ಬರುವುದು ನಿಶ್ಚಿತವಾದ್ದರಿಂದ ಅಲ್ಲಿ 80ಕ್ಕಿಂತ ಕಡಿಮೆ ದಪ್ಪದವನ್ನು ಒಪ್ಪಬಾರದು.

ಬ್ಲಾಕುಗಳು ನಿಲ್ಲುವುದು ಎರಡು ಸಂಗತಿಗಳಿಂದ: ಸುತ್ತಲಿನ ಕಾಂಕ್ರೀಟ್ ಅಂಚುಗಟ್ಟೆ ಮತ್ತು ಸಂದಿನಲ್ಲಿ ತುಂಬಿದ ಸಣ್ಣ ಉಸುಕು. ಅಂಚುಗಟ್ಟೆಯ ಒಂದು ಕಲ್ಲು ಸರಿದರೆ ಹಿಂದಿನ ಸಾಲುಗಳೆಲ್ಲ ಒಂದೊಂದಾಗಿ ಸಡಿಲವಾಗುತ್ತವೆ. ಸಂದಿನ ಉಸುಕು ಮಳೆಗೆ ಕೊಚ್ಚಿಹೋದಂತೆ, ಕಸಬರಿಗೆಗೆ ಗುಡಿಸಿಹೋದಂತೆ ಬ್ಲಾಕುಗಳ ಪರಸ್ಪರ ಹಿಡಿತ ತಪ್ಪುತ್ತದೆ. ಹೊಸ ಅಂಗಳದಲ್ಲಿ ಮೊದಲ ವರ್ಷ ಎರಡು ಬಾರಿ, ನಂತರ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಬಾರಿ ಒಣ ಉಸುಕನ್ನು ಹರಡಿ ಗುಡಿಸಿ ತುಂಬಬೇಕು.

ಕುಸಿದ ಜಾಗವನ್ನು ಎತ್ತರಿಸುವಾಗ ನಡೆಯುವ ತಪ್ಪೊಂದು ಎಲ್ಲೆಡೆ ಕಂಡುಬರುತ್ತದೆ. ಬ್ಲಾಕುಗಳನ್ನು ತೆಗೆದು, ಗುಂಡಿಗೆ ಉಸುಕನ್ನೇ ಅರ್ಧ ಅಡಿ ಸುರಿದು, ಮೇಲೆ ಬ್ಲಾಕು ಜೋಡಿಸಿ ಸಮ ಮಾಡುತ್ತಾರೆ. ಬ್ಲಾಕಿನ ಕೆಳಗಿನ ಉಸುಕಿನ ಪದರ 25ರಿಂದ 40 ಮಿಲಿಮೀಟರಿಗಿಂತ ದಪ್ಪವಿರಬಾರದು. ದಪ್ಪ ಉಸುಕು ಎರೆಮಣ್ಣಿನ ಮೇಲೆ ನೀರಿನ ತೊಟ್ಟಿಯಂತೆ ಕೆಲಸ ಮಾಡುತ್ತದೆ. ಮಳೆ ನಿಂತ ಮೇಲೂ ವಾರಗಟ್ಟಲೆ ಕೆಳಗಿನ ಮಣ್ಣಿಗೆ ನೀರುಣಿಸುತ್ತಿರುತ್ತದೆ. ಗುಂಡಿಯನ್ನು ಮೊರಂ ಅಥವಾ ಖಡಿಮಿಶ್ರಣದಿಂದ ಪದರ ಪದರವಾಗಿ ತುಂಬಿ ದಮ್ಮಸ್ಸು ಮಾಡಿ, ಕೊನೆಯ ತೆಳು ಪದರ ಮಾತ್ರ ಉಸುಕಿನದಾಗಿರಬೇಕು.

ಶಹಾಬಾದ್ ಕಲ್ಲು: ಇದು ನಮ್ಮ ನೆಲದ್ದೇ ಆದ, ಅಗ್ಗದ, ತಂಪಾದ ಹಾಸು. ಮಳಿಗೆಯ ಜಗಲಿಗೆ, ಕಾಲುದಾರಿಗೆ ಅತ್ಯುತ್ತಮ. ವಾಹನ ಹತ್ತುವ ಜಾಗಕ್ಕೆ ತೆಳು ಚಪ್ಪಡಿ ಸಲ್ಲದು. ಕೆಳಗೆ ಪೊಳ್ಳು ಇದ್ದಲ್ಲಿ ಒಡೆಯುತ್ತದೆ. ಕೋಲಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಚಪ್ಪಡಿಗಳನ್ನು ಮಳೆಗೆ ಮುನ್ನವೇ ಎತ್ತಿ ಕೂರಿಸಬೇಕು. ಸವೆದು ನುಣುಪಾದವು ನೆನೆದಾಗ ಜಾರುತ್ತವೆ. ಉಳಿಯಿಂದ ಒರಟು ಮಾಡಿಸಿದರೆ ಸಾಕು, ಬದಲಿಸಬೇಕಾಗಿಲ್ಲ.

ಯಾವುದೇ ಮೇಲ್ಮೈ ಇರಲಿ, ಬಿಡಿಸಿ ನಿಲ್ಲಿಸಿದ ಟ್ರಾಲಿಯ ಕಬ್ಬಿಣದ ಕಾಲಿನ ಕೆಳಗೆ ಹಲಗೆ ಇಡುವುದನ್ನು ಕಡ್ಡಾಯ ಮಾಡಬೇಕು. ತೊಗರಿ ತುಂಬಿದ ಟ್ರಾಲಿಯ ಭಾರದ ಒಂದು ಪಾಲು ಆ ಸಣ್ಣ ಕಾಲಿನ ಮೇಲೆ ನಿಂತಿರುತ್ತದೆ.

ವರ್ಷದ ಕೆಲಸ

ಸಂದು ತುಂಬುವ ಫೆಬ್ರುವರಿಯ ಕೆಲಸವನ್ನು ಮೇಲೆ ಹೇಳಲಾಗಿದೆ. ಮೇ ಎರಡನೆಯ ವಾರದಿಂದ ರೋಹಿಣಿ ಮಳೆ ಕೂಡುವವರೆಗಿನ ಅವಧಿ ಅತಿ ಮುಖ್ಯವಾದದ್ದು. ಈ ಅವಧಿಯಲ್ಲಿ ಹಾಸಿನ ಅಂಚಿಗೂ ಮಣ್ಣಿಗೂ ನಡುವೆ ಬಿದ್ದ ಬಿರುಕುಗಳನ್ನು ಮುಚ್ಚಬೇಕು, ಏಕೆಂದರೆ ಮೊದಲ ಮಳೆಯ ನೀರು ಮೇಲಿನ ಮಣ್ಣನ್ನು ನೆನೆಸುವ ಬದಲು ಈ ಬಿರುಕುಗಳ ಮೂಲಕ ನೇರವಾಗಿ ಆಳಕ್ಕಿಳಿದು ಹಾಸಿನ ಅಡಿಗೆ ಹರಿಯುತ್ತದೆ. ಕಲ್ಲು, ಖಡಿ, ಉಸುಕಿನಿಂದ ಮುಚ್ಚಿದರೆ ನೀರಿಗೆ ದಾರಿ ಹಾಗೆಯೇ ಉಳಿಯುತ್ತದೆ. ತುಸು ನೆನೆಸಿದ ಮೊರಂ ಅನ್ನು ಹಾರೆಯಿಂದ ಜಡಿದು ತುಂಬಬೇಕು. ಇದೇ ಅವಧಿಯಲ್ಲಿ ಚರಂಡಿಯ ಹೂಳು ತೆಗೆಸಬೇಕು. ತೆಗೆದ ಹೂಳನ್ನು ಅಂಚಿನಲ್ಲೇ ರಾಶಿ ಹಾಕಿ ಬಿಡುವುದು ರೂಢಿಯಾಗಿದೆ. ಮೊದಲ ಮಳೆಗೆ ಅದು ಮರಳಿ ಚರಂಡಿ ಸೇರುತ್ತದೆ. ಸಾಗಣೆಯ ವೆಚ್ಚವನ್ನೂ ಅಂದಾಜಿನಲ್ಲಿ ಸೇರಿಸದಿದ್ದರೆ ಹೂಳೆತ್ತುವ ಕೆಲಸವನ್ನೇ ಮಾಡಿಸದಿದ್ದಂತೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ನೀರು ನಿಂತ ಜಾಗ ಗುರುತಿಸುವುದು, ಕಸ ತೆಗೆಯುವುದು ಬಿಟ್ಟರೆ ದೊಡ್ಡ ದುರಸ್ತಿಗೆ ಕೈಹಾಕಬಾರದು. ನೆನೆದ ಎರೆಮಣ್ಣಿನ ಮೇಲೆ ಮಾಡಿದ ದಮ್ಮಸ್ಸು ದಮ್ಮಸ್ಸಲ್ಲ. ಗುರುತಿಸಿದ ಜಾಗಗಳ ದುರಸ್ತಿ ನವೆಂಬರ್‌ನಲ್ಲಿ, ತೊಗರಿ ರಾಶಿಯ ವಾಹನಗಳು ಬರುವ ಮುನ್ನ ಮುಗಿಯಬೇಕು. ಬಣ್ಣದ ಗೆರೆ, ದೀಪ, ಫಲಕಗಳನ್ನು ಆಗಲೇ ನೋಡಿಕೊಳ್ಳಬಹುದು.

ನೆರಳಿನ ಮರಗಳ ಬಗ್ಗೆ ಒಂದು ಮಾತು. ಬೇವು, ಹೊಂಗೆಗಳ ಬೇರು ಬೇಸಿಗೆಯಲ್ಲಿ ದೂರದವರೆಗೆ ತೇವ ಎಳೆಯುವುದರಿಂದ ಹಾಸಿನ ಅಂಚಿಗೆ ಹತ್ತಿರವಾಗಿ ಹೊಸ ಸಸಿ ನೆಡುವುದು ಸೂಕ್ತವಲ್ಲ. ಆದರೆ ಇರುವ ದೊಡ್ಡ ಮರವನ್ನು ಇದೇ ನೆಪದಲ್ಲಿ ಕಡಿಯುವುದು ಇನ್ನೂ ದೊಡ್ಡ ತಪ್ಪು. ಮರ ಹೋದ ಮೇಲೆ ಅದು ಎಳೆಯುತ್ತಿದ್ದ ತೇವ ಮಣ್ಣಿನಲ್ಲೇ ಉಳಿದು ನೆಲ ವರ್ಷಗಟ್ಟಲೆ ಉಬ್ಬುತ್ತದೆ. ನೆರಳು ಕಳೆದುಕೊಂಡ ಗಿರಾಕಿಗಳಂತೂ ಸರಿಯೇ.

ಅಗೆತ ಮತ್ತು ಹಣ

ಚೆನ್ನಾಗಿರುವ ಅಂಗಳವನ್ನು ಒಂದೇ ದಿನದಲ್ಲಿ ಕೆಡಿಸುವುದು ನೀರಿನ ಪೈಪು ಅಥವಾ ಕೇಬಲ್‌ಗಾಗಿ ತೋಡುವ ಕಾಲುವೆ. ಅಗೆದ ಎರೆಮಣ್ಣನ್ನೇ ಮರಳಿ ತುಂಬಿ ಮೇಲೆ ಎರಡು ಬುಟ್ಟಿ ಸಿಮೆಂಟ್ ಗಾರೆ ಬಳಿದರೆ ಮೊದಲ ಮಳೆಗೆ ಕಾಲುವೆಯ ಉದ್ದಕ್ಕೂ ಗುಳಿ ಬೀಳುತ್ತದೆ. ಅನುಮತಿ ಪತ್ರದಲ್ಲಿಯೇ ಷರತ್ತುಗಳನ್ನು ಬರೆಯಬೇಕು: ಕಾಲುವೆಯನ್ನು ಮೊರಂನಿಂದ 15 ಸೆಂಟಿಮೀಟರಿನ ಪದರಗಳಲ್ಲಿ ತುಂಬುವುದು, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸ್ಸು ಮಾಡುವುದು, ಠೇವಣಿಯನ್ನು ಒಂದು ಮಳೆಗಾಲ ಕಳೆದ ಮೇಲೆಯೇ ಮರಳಿಸುವುದು. ಕೊನೆಯ ಷರತ್ತನ್ನು ಬಿಟ್ಟರೆ ಮೊದಲೆರಡು ಷರತ್ತುಗಳು ಕಾಗದದಲ್ಲೇ ಉಳಿಯುತ್ತವೆ.

ಹೊಸ ಅಂಗಳ ಹಾಸಲು ಅನುದಾನ ದೊರೆಯುತ್ತದೆ. ಇರುವುದರ ಸಂದು ತುಂಬಲು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಉದ್ಘಾಟನೆಯ ಫಲಕ ಹೊಸ ಕಾಮಗಾರಿಗೆ ಮಾತ್ರ ಇರುವುದೂ ಇದಕ್ಕೊಂದು ಕಾರಣವಿರಬಹುದು. ಆದ್ದರಿಂದ ಮಳಿಗೆಗಳ ಬಾಡಿಗೆಯಲ್ಲೇ ಒಂದು ಪಾಲನ್ನು ಅಂಗಳದ ನಿರ್ವಹಣೆಗೆ ಮೀಸಲಿಡುವುದು ವಾಸ್ತವಿಕ ಮಾರ್ಗ. ಹತ್ತು ಮಳಿಗೆಗಳಿಂದ ತಲಾ 1,500 ರೂಪಾಯಿ ಬಾಡಿಗೆ ಬರುತ್ತದೆಂದು ಭಾವಿಸಿದರೆ ಅದರ ಹತ್ತನೆಯ ಒಂದು ಭಾಗ ವರ್ಷಕ್ಕೆ 18,000 ರೂಪಾಯಿ ಆಗುತ್ತದೆ. ಮೊರಂ, ಉಸುಕು, ಕೆಲವು ದಿನಗಳ ಕೂಲಿ, ಹೂಳು ಸಾಗಣೆ ಇವುಗಳಿಗೆ ಈ ಮೊತ್ತ ಆಧಾರವಾಗುತ್ತದೆ. ಸಾಮಾನ್ಯ ಸಭೆಯಲ್ಲಿ ಈ ಬಗ್ಗೆ ನಿರ್ಣಯ ಕೈಗೊಂಡು ವಾರ್ಷಿಕ ಆಯವ್ಯಯದಲ್ಲಿ ಪ್ರತ್ಯೇಕವಾಗಿ ತೋರಿಸಿದರೆ, ಸದಸ್ಯರು ಬದಲಾದಾಗಲೂ, ಅಧಿಕಾರಿ ವರ್ಗಾವಣೆಯಾದಾಗಲೂ ಅದು ಮುಂದುವರಿಯುತ್ತದೆ.

ಇದರೊಂದಿಗೆ ಒಂದು ಸಾಮಾನ್ಯ ನೋಟುಪುಸ್ತಕವನ್ನು ಅಂಗಳದ ದಾಖಲೆಯಾಗಿ ಇಡುವುದು ಅಗತ್ಯ. ಹಾಸು ಹಾಕಿದ ದಿನಾಂಕ, ಬ್ಲಾಕಿನ ದಪ್ಪ ಮತ್ತು ದರ್ಜೆ, ಮೊರಂ ಪದರದ ದಪ್ಪ, ನೆಲದಡಿಯ ಪೈಪುಗಳ ಜಾಗ, ಪ್ರತಿ ದುರಸ್ತಿಯ ಸ್ಥಳ ಮತ್ತು ದಿನಾಂಕ ಇಷ್ಟು ವಿವರಗಳು ಅದರಲ್ಲಿದ್ದರೆ ಒಂದೇ ಜಾಗ ಮತ್ತೆ ಮತ್ತೆ ಕುಸಿಯುತ್ತಿರುವುದು ತಾನಾಗಿಯೇ ಬೆಳಕಿಗೆ ಬರುತ್ತದೆ. ಮುಂದಿನ ಹರಾಜಿನ ಸಂದರ್ಭದಲ್ಲಿ ಬಾಡಿಗೆ ಕರಾರಿಗೂ ಎರಡು ಸಾಲು ಸೇರಿಸಬಹುದು: ಬಾಡಿಗೆದಾರರು ತೊಳೆದ ನೀರನ್ನು ಅಂಗಳಕ್ಕೆ ಬಿಡದೆ ಚರಂಡಿಗೇ ಹರಿಸತಕ್ಕದ್ದು, ಹಾಗೂ ಮುಂಗಟ್ಟು ಅಥವಾ ಪೆಂಡಾಲಿನ ಕಂಬಕ್ಕಾಗಿ ಹಾಸನ್ನು ಕೊರೆಯತಕ್ಕದ್ದಲ್ಲ. ಕಂಬಕ್ಕೆ ಜಾಗ ಬೇಕೆಂಬ ಬೇಡಿಕೆ ಹಬ್ಬದ ದಿನಗಳಲ್ಲಿ ಬಂದೇ ಬರುತ್ತದೆ. ಅಂಚುಗಟ್ಟೆಯ ಹೊರಗೆ ನಾಲ್ಕಾರು ಕಬ್ಬಿಣದ ಕೊಳವೆಗಳನ್ನು ಮೊದಲೇ ಹೂಳಿ ಮುಚ್ಚಳ ಹಾಕಿಟ್ಟರೆ ಆ ಬೇಡಿಕೆಯನ್ನು ಹಾಸಿಗೆ ಧಕ್ಕೆಯಿಲ್ಲದೆ ಪೂರೈಸಬಹುದು.